ನೃತ್ಯಸಂಯೋಜಕಿ ಮಾಯಾ ರಾವ್

೧

ಕಾವ್ಯವನ್ನು ಓದಿದವನು ಕವಿ ಯಾರೆಂದು ಕೇಳುತ್ತಾನೆ. ದೇವಾಲಯವನ್ನು ಕಂಡವನು ಕಟ್ಟಿಸಿದ ಅರಸನ ಹೆಸರನ್ನು ವಿಚಾರಿಸಿ, ಪೀಠದ ಮೇಲೆಲ್ಲಾದರೂ ಶಿಲ್ಪಿಯ ಹೆಸರು ಕೊರೆದಿದೆಯೇ ಎಂದು ಹುಡುಕುತ್ತಾನೆ. ಕೀರ್ತನೆಯನ್ನು ಕೇಳಿದವನು ಅಂಕಿತದಿಂದಲೇ ಅದರ ಕರ್ತೃವನ್ನು ಗುರುತಿಸುತ್ತಾನೆ. ನೃತ್ಯವನ್ನು ನೋಡಿದವನು ಮಾತ್ರ ಕುಣಿದವರು ಯಾರೆಂದು ಕೇಳಿ ಅಷ್ಟಕ್ಕೇ ತೃಪ್ತನಾಗುತ್ತಾನೆ. ಆ ಕುಣಿತವನ್ನು ಮನಸ್ಸಿನಲ್ಲಿ ಮೊದಲು ಕಂಡವರಾರು, ಎಂಟು ಜನರ ಹೆಜ್ಜೆಗಳನ್ನು ಒಂದಕ್ಕೊಂದು ಹೊಂದಿಸಿದವರಾರು, ಎಲ್ಲಿ ನಿಲ್ಲಬೇಕು ಎಲ್ಲಿ ತಿರುಗಬೇಕು ಎಂಬುದನ್ನು ಗೊತ್ತುಮಾಡಿದವರಾರು ಎಂಬ ಪ್ರಶ್ನೆಯು ಬಹುಮಟ್ಟಿಗೆ ಹುಟ್ಟುವುದೇ ಇಲ್ಲ. ನೃತ್ಯಕ್ಕೂ ಒಬ್ಬ ಕರ್ತೃವುಂಟು, ಆ ಕರ್ತೃತ್ವವು ಕಲಿಯತಕ್ಕ ಮತ್ತು ಕಲಿಸತಕ್ಕ ಒಂದು ವಿದ್ಯೆ ಎಂಬುದನ್ನು ಭಾರತದಲ್ಲಿ ನೆಲೆಗೊಳಿಸುವುದಕ್ಕಾಗಿ ತಮ್ಮ ಜೀವಮಾನವನ್ನು ಸವೆಸಿದವರಲ್ಲಿ ಬೆಂಗಳೂರಿನ ಶ್ರೀಮತಿ ಮಾಯಾ ರಾವ್ ಅವರು ಅಗ್ರಗಣ್ಯರು.

ಸಂಯೋಜಕನಿಲ್ಲದ ನೃತ್ಯವು ಹಳ್ಳಿಯಲ್ಲಿಯೂ ಇಲ್ಲ. ಜಗಳೂರು ಸೀಮೆಯವರಿಗೆ ಬಯಲಾಟವು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಆಟ ಕಲಿಸುವ ಮೇಷ್ಟ್ರು ಊರಿಗೆ ಬಂದು, ಹಗಲೆಲ್ಲ ದುಡಿದು ಬಂದ ಒಕ್ಕಲ ಮಕ್ಕಳನ್ನು ರಾತ್ರಿ ಕೂಡಿಸಿ, ಅರಸನ ವೇಷಕ್ಕೆ ಒಂದು ನಡೆ, ರಕ್ಕಸನಿಗೆ ಒಂದು ನಡೆ, ಸ್ತ್ರೀವೇಷಕ್ಕೆ ಇನ್ನೊಂದು ನಡೆ ಎಂದು ತಿದ್ದುತ್ತಾನೆ. ಭಾಗವತನ ಪದಕ್ಕೂ ಮದ್ದಳೆಯ ಪೆಟ್ಟಿಗೂ ಹೆಜ್ಜೆಯು ಎಲ್ಲಿ ಕೂಡಬೇಕೆಂಬುದನ್ನು ಅವನೇ ನಿರ್ಣಯಿಸುತ್ತಾನೆ. ಆಟವು ಬೆಳಗಿನ ಜಾವಕ್ಕೆ ಮುಗಿದಾಗ ಜನರ ಬಾಯಲ್ಲಿ ಉಳಿಯುವುದು ವೇಷಧಾರಿಯ ಹೆಸರೇ ಹೊರತು ಮೇಷ್ಟ್ರ ಹೆಸರಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದುದು. ಲಂಬಾಣಿ ಹೆಂಗಸರು ಕನ್ನಡಿ ಹೊಲಿದ ಉಡುಪನ್ನು ತೊಟ್ಟು, ಸುತ್ತುಗಟ್ಟಿ ಚಪ್ಪಾಳೆಯಿಕ್ಕುತ್ತ ಕುಣಿಯುವಾಗ ಆ ಸುತ್ತು ಬಿಗಿಯುವುದೂ ಸಡಿಲುವುದೂ ತಾನಾಗಿ ಆದುದಲ್ಲ. ಯಾವಳೋ ಒಬ್ಬ ಹಿರಿಯಳು ಯಾವ ಕಾಲದಲ್ಲೋ ಅದನ್ನು ಹಾಗೆ ಕಟ್ಟಿರಬೇಕು; ಅವಳ ಮಗಳೂ ಮೊಮ್ಮಗಳೂ ಅದನ್ನು ಅಷ್ಟಷ್ಟು ಬದಲಾಯಿಸಿರಬೇಕು. ಹೊನ್ನಾಳಿ ಚನ್ನಗಿರಿಗಳ ಜಾತ್ರೆಗಳಲ್ಲಿ ಕಾಣುವ ಡೊಳ್ಳು, ವೀರಗಾಸೆ, ಕೋಲಾಟಗಳ ಮಾತೂ ಇದೇ. ಕೃತಿಯುಂಟು, ಕರ್ತೃವಿನ ಹೆಸರಿಲ್ಲ.

೨

ಶಾಸ್ತ್ರಕಾರರು ಈ ಅಂಶವನ್ನು ಅರಿಯದೆ ಇರಲಿಲ್ಲ. ಭರತನ ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯದಲ್ಲಿ ೧೦೮ ಕರಣಗಳನ್ನೂ ೩೨ ಅಂಗಹಾರಗಳನ್ನೂ ಹೇಳಿರುವುದು ಬಹುಜನರಿಗೆ ತಿಳಿದ ವಿಷಯ. ಅದೇ ಅಧ್ಯಾಯದಲ್ಲಿ ಪಿಂಡೀಬಂಧಗಳೆಂಬ ಸಮೂಹರಚನೆಗಳ ವಿಚಾರವೂ ಬಂದಿದೆ. ನರ್ತಕಿಯರು ಗುಂಪಾಗಿ ಕೂಡುವುದು, ಸಂಕೋಲೆಯಂತೆ ಹೆಣೆದುಕೊಳ್ಳುವುದು, ಬಳ್ಳಿಯಂತೆ ಸುತ್ತಿಕೊಳ್ಳುವುದು, ಬೇರೆಬೇರೆಯಾಗಿ ಚೆದರುವುದು ಎಂಬ ನಾಲ್ಕು ಬಗೆಗಳನ್ನು ಅಲ್ಲಿ ಗುರುತಿಸಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನೃತ್ಯವಿನೋದವೆಂಬ ಒಂದು ಭಾಗವೇ ಇದೆ. ಹದಿನಾರನೆಯ ಶತಮಾನದಲ್ಲಿ ಶಿವಗಂಗೆಯ ಸೀಮೆಯಿಂದ ಉತ್ತರಕ್ಕೆ ಹೋದ ಕನ್ನಡಿಗ ಪುಂಡರೀಕ ವಿಠಲನು ಅಕ್ಬರನ ಕಾಲದಲ್ಲಿ ನರ್ತನನಿರ್ಣಯವನ್ನು ಬರೆದು, ನೃತ್ತವನ್ನು ಬಂಧ ಮತ್ತು ಅನಿಬಂಧ ಎಂದು ಎರಡಾಗಿ ವಿಭಾಗಿಸಿದನು. ನಿಯಮಕ್ಕೆ ಒಳಪಟ್ಟು ಕಟ್ಟಿದುದು ಒಂದು. ನರ್ತಕನ ಸ್ವಚ್ಛಂದಕ್ಕೆ ಬಿಟ್ಟುದು ಮತ್ತೊಂದು. ಈಚಿನ ವಿದ್ವಾಂಸರಲ್ಲಿ ಕೆಲವರು ಉತ್ತರದೇಶದ ಕಥಕ್ ನೃತ್ಯದ ಹಳೆಯ ಬೇರುಗಳನ್ನು ಈ ಗ್ರಂಥದಲ್ಲಿ ಕಂಡಿದ್ದಾರೆ. ನಾಲ್ಕು ಶತಮಾನಗಳ ತರುವಾಯ ಕನ್ನಡನಾಡಿನ ಹೆಣ್ಣುಮಗಳೊಬ್ಬಳು ಅದೇ ಕಥಕ್ಕನ್ನು ಕಲಿಯಲು ಉತ್ತರಕ್ಕೆ ಹೋದಳೆಂಬುದನ್ನು ಇದರೊಡನೆ ಸೇರಿಸಿ ನೋಡಿದರೆ, ಆ ಪ್ರಯಾಣವು ಅಷ್ಟೇನೂ ವಿಚಿತ್ರವಾಗಿ ತೋರದು.

ಹೀಗೆ ಬಂಧದ ಕಲ್ಪನೆಯು ಶಾಸ್ತ್ರದಲ್ಲಿದ್ದರೂ, ಆಚರಣೆಯಲ್ಲಿ ದಕ್ಷಿಣದ ಸಂಪ್ರದಾಯವು ಏಕವ್ಯಕ್ತಿಯ ನೃತ್ಯದ ಕಡೆಗೇ ಹೆಚ್ಚಾಗಿ ಬೆಳೆಯಿತು. ಗುರುವು ಪಾಠ ಹೇಳಿದ, ಶಿಷ್ಯೆ ಒಪ್ಪಿಸಿದಳು, ಸಭೆಯು ಮೆಚ್ಚಿತು. ರಚನೆಯು ಗುರುಪರಂಪರೆಯ ಆಸ್ತಿಯೇ ಹೊರತು ಒಬ್ಬನ ಸ್ವತಂತ್ರ ಕೃತಿ ಎಂದು ಎಣಿಕೆಯಾಗಲಿಲ್ಲ. ಪಾಶ್ಚಾತ್ಯರಲ್ಲಿಯೂ ಈ ಅರಿವು ನಿಧಾನವಾಗಿಯೇ ಬಂದಿತು. ಕೋರಿಯೋಗ್ರಫಿ ಎಂಬ ಮಾತಿಗೆ ಗ್ರೀಕ್ ಮೂಲದಲ್ಲಿ ನೃತ್ಯವನ್ನು ಬರೆಯುವುದು ಎಂದು ಅರ್ಥ. ೧೭೦೦ರಲ್ಲಿ ಪ್ಯಾರಿಸಿನಲ್ಲಿ ಫೊಯೇ ಎಂಬಾತನು ಆ ಹೆಸರಿನಿಂದ ಪ್ರಕಟಿಸಿದ ಪುಸ್ತಕವು ಹೆಜ್ಜೆಗಳನ್ನು ಕಾಗದದ ಮೇಲೆ ಗುರುತಿಸುವ ಲಿಪಿಯನ್ನು ಕುರಿತದ್ದು. ಬರೆಹವೆಂಬ ಅರ್ಥವು ಹಿಂದೆ ಸರಿದು ರಚನೆಯೆಂಬ ಅರ್ಥವು ಮುಂದೆ ಬರುವುದಕ್ಕೆ ಬಹುಕಾಲ ಹಿಡಿಯಿತು.

೩

ಮಾಯಾ ರಾವ್ ಅವರು ೧೯೨೮ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಜನಿಸಿದರು. ತಂದೆ ಹಟ್ಟಂಗಡಿ ಸಂಜೀವ ರಾಯರು ವಾಸ್ತುಶಿಲ್ಪಿಗಳು. ಕೊಂಕಣಿ ಮಾತನಾಡುವ ಸಾರಸ್ವತ ಮನೆತನದವರು. ಮನೆಯಲ್ಲಿ ಸಂಗೀತಕ್ಕೆ ಎಡೆಯಿತ್ತು, ನೃತ್ಯಕ್ಕೆ ಇರಲಿಲ್ಲ. ಆ ಕಾಲದ ಸಂಭಾವಿತ ಮನೆತನಗಳಲ್ಲಿ ಯಾವುದರಲ್ಲಿಯೂ ಇದ್ದಿರಲಾರದು.

ಅದಕ್ಕೆ ಕಾರಣವನ್ನು ತಿಳಿಯದೆ ಮುಂದಿನ ಕಥೆಯ ಬೆಲೆ ತಿಳಿಯುವುದಿಲ್ಲ. ಮೈಸೂರು ಸರ್ಕಾರವು ೧೯೦೯ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಒಂದು ಅನ್ಯಾಯವನ್ನು ತೊಡೆಯಲು ಹೊರಟ ಆ ಕ್ರಮವು, ನೃತ್ಯವನ್ನು ಕಾಪಾಡಿಕೊಂಡು ಬಂದಿದ್ದ ಹೆಂಗಸರ ಜೀವನೋಪಾಯವನ್ನೂ ಮಾನವನ್ನೂ ಒಟ್ಟಿಗೇ ಕಳೆಯಿತು. ಅರಮನೆಯ ಆಶ್ರಯದಲ್ಲಿ ಜಟ್ಟಿ ತಾಯಮ್ಮನವರೂ, ಅವರ ಶಿಷ್ಯೆ ವೆಂಕಟಲಕ್ಷಮ್ಮನವರೂ ಮೈಸೂರಿನ ಅಭಿನಯಸಂಪ್ರದಾಯವನ್ನು ಉಳಿಸಿಕೊಂಡರು. ಉಳಿದೆಡೆಗಳಲ್ಲಿ ನೃತ್ಯವೆಂದರೆ ಮನೆತನದವರು ಮುಖ ತಿರುಗಿಸುವ ಕಾಲ ಬಂದಿತು. ಹೆಣ್ಣುಮಗಳು ಹಾಡಬಹುದು, ವೀಣೆ ನುಡಿಸಬಹುದು, ಗೆಜ್ಜೆ ಕಟ್ಟುವಂತಿರಲಿಲ್ಲ.

ಈ ಕಟ್ಟನ್ನು ಸಡಿಲಿಸಿದವರು ಒಬ್ಬಿಬ್ಬರಲ್ಲ. ಉದಯಶಂಕರರು ೧೯೨೩ರಲ್ಲಿ ಲಂಡನ್ನಿನಲ್ಲಿ ರಷ್ಯದ ನರ್ತಕಿ ಆನಾ ಪಾವ್ಲೊವಾಳೊಡನೆ ಕುಣಿದು, ಮುಂದೆ ತಮ್ಮದೇ ತಂಡವನ್ನು ಕಟ್ಟಿ ದೇಶವಿದೇಶಗಳಲ್ಲಿ ಸಂಚರಿಸಿದರು. ಬೆಂಗಳೂರಿನಲ್ಲಿಯೇ ಹುಟ್ಟಿದ ರಾಮಗೋಪಾಲರು ೧೯೩೦ರ ದಶಕದಲ್ಲಿ ಪೂರ್ವಪಶ್ಚಿಮಗಳೆರಡರಲ್ಲೂ ಹೆಸರು ಪಡೆದರು. ಉದಯಶಂಕರರ ತಂಡವು ಬೆಂಗಳೂರಿನ ಬಿ.ಆರ್.ವಿ. ಟಾಕೀಸಿನಲ್ಲಿ ಪ್ರದರ್ಶನವಿತ್ತಾಗ ಸಂಜೀವ ರಾಯರು ಮಗಳನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಕಂಡುದು ಒಬ್ಬ ನರ್ತಕಿಯ ಕಚೇರಿಯಲ್ಲ. ಇಡಿಯ ತಂಡವು ಒಂದೇ ದೇಹದಂತೆ ಚಲಿಸುವ, ಬೆಳಕೂ ವಾದ್ಯವೂ ವೇಷವೂ ಒಂದೇ ಕಲ್ಪನೆಗೆ ಅಧೀನವಾದ ಹೊಸ ಬಗೆಯ ನೃತ್ಯ. ತಂದೆಯು ತಮ್ಮ ಹೆಣ್ಣುಮಕ್ಕಳು ನೃತ್ಯ ಕಲಿಯಬೇಕೆಂದು ನಿಶ್ಚಯಿಸಿದರು. ಜಯಪುರ ಘರಾಣೆಯ ಸೋಹನ್ ಲಾಲ್ ಅವರು ಆಗ ಬೆಂಗಳೂರಿನಲ್ಲಿ ಪಾಠ ಹೇಳುತ್ತಿದ್ದರು. ಹನ್ನೆರಡು ವರ್ಷದ ಮಾಯಾ, ಕಿರಿಯರಾದ ಉಮಾ ಮತ್ತು ಚಿತ್ರಾ, ಮೂವರೂ ಅವರಲ್ಲಿ ಕಥಕ್ ಕಲಿಯತೊಡಗಿದರು.

ತಂದೆಯ ಮರಣದಿಂದ ಸಂಸಾರದ ಸ್ಥಿತಿಯು ಬದಲಾಯಿತು. ವಿನೋದಕ್ಕೆಂದು ಕಲಿತ ವಿದ್ಯೆಯು ಮನೆಯನ್ನು ನಡೆಸಬೇಕಾಗಿ ಬಂದಿತು. ಮಾಯಾ ಅವರು ಹದಿನೇಳರ ವಯಸ್ಸಿನಲ್ಲಿ ಪಾಠ ಹೇಳತೊಡಗಿದರು. ಮಲ್ಲೇಶ್ವರದಲ್ಲಿ ನಾಟ್ಯ ಸರಸ್ವತಿ ಎಂಬ ಶಾಲೆಯು ತಲೆಯೆತ್ತಿತು. ಗುರುವಾಗುವ ವಯಸ್ಸಲ್ಲದ ವಯಸ್ಸಿನಲ್ಲಿ ಗುರುವಾದುದರಿಂದ ಒಂದು ಲಾಭವಾಯಿತೆಂದು ಹೇಳಬಹುದು. ತಾನು ಚೆನ್ನಾಗಿ ಕುಣಿಯುವುದು ಒಂದು ವಿದ್ಯೆ, ಹತ್ತು ಮಕ್ಕಳನ್ನು ಒಟ್ಟಿಗೆ ಕುಣಿಸುವುದು ಬೇರೊಂದು ವಿದ್ಯೆ ಎಂಬುದು ಯಾವ ಗ್ರಂಥದಿಂದಲೂ ಬರುವುದಕ್ಕಿಂತ ಬೇಗ ಪಾಠಶಾಲೆಯಲ್ಲಿ ತಿಳಿದುಬರುತ್ತದೆ. ನೃತ್ಯದ ಜೊತೆಯಲ್ಲಿಯೇ ಕಾಲೇಜಿನ ಓದೂ ನಡೆದು, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯಾಗಿ, ಮಹಾರಾಣಿ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿಯೂ ದೊರೆಯಿತು. ಅಷ್ಟಕ್ಕೆ ನಿಂತಿದ್ದರೆ ಗೌರವಯುತವಾದ ಒಂದು ಜೀವನವು ಸಿದ್ಧವಾಗಿಯೇ ಇತ್ತು.

೪

ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಜಯಪುರ ಘರಾಣೆಯ ಸುಂದರ ಪ್ರಸಾದರಲ್ಲಿ ಶಿಕ್ಷಣವನ್ನು ಮುಂದುವರಿಸಿದರು. ಸಿಂಹಳಕ್ಕೆ ಹೋಗಿ ಚಿತ್ರಸೇನರಲ್ಲಿ ಕ್ಯಾಂಡಿಯ ನೃತ್ಯವನ್ನು ಅಭ್ಯಸಿಸಿದರು. ಚಿತ್ರಸೇನರ ಕೆಲಸವು ಈ ಸಂದರ್ಭದಲ್ಲಿ ಗಮನಾರ್ಹವಾದುದು. ಕೋಹೊಂಬಾ ಕಂಕಾರಿಯ ಎಂಬ ಗ್ರಾಮವಿಧಿಯಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಕುಣಿತವನ್ನು ಅವರು ನಾಟಕಶಾಲೆಗೆ ತಂದು, ಅದರಿಂದ ಕಥೆಯುಳ್ಳ ನೃತ್ಯರೂಪಕಗಳನ್ನು ಕಟ್ಟಿದವರು. ದೇವರ ಮುಂದಿನ ಕುಣಿತವು ಸಭಿಕರ ಮುಂದೆ ಬಂದಾಗ ಏನು ಉಳಿಯುತ್ತದೆ, ಏನು ಕಳೆಯುತ್ತದೆ ಎಂಬ ಪ್ರಶ್ನೆಯನ್ನು ಆ ಶಾಲೆಯಲ್ಲಿ ಕಲಿತವರಾರೂ ಎದುರಿಸದೆ ಇರಲಾರರು.

೧೯೫೫ರಲ್ಲಿ ಸರ್ಕಾರದ ವಿದ್ಯಾರ್ಥಿವೇತನವು ದೊರೆತು ಮಾಯಾ ರಾವ್ ಅವರು ದೆಹಲಿಯ ಭಾರತೀಯ ಕಲಾಕೇಂದ್ರದಲ್ಲಿ ಲಖನೌ ಘರಾಣೆಯ ಶಂಭು ಮಹಾರಾಜರ ಶಿಷ್ಯೆಯಾದರು. ಜಯಪುರದ ಮಾರ್ಗದಲ್ಲಿ ಪಾದದ ಕೆಲಸಕ್ಕೂ ಲಯದ ಚಮತ್ಕಾರಕ್ಕೂ ಪ್ರಾಧಾನ್ಯ; ಲಖನೌ ಮಾರ್ಗದಲ್ಲಿ ಭಾವಕ್ಕೂ ಮೃದುವಾದ ಅಂಗವಿನ್ಯಾಸಕ್ಕೂ ಪ್ರಾಧಾನ್ಯ. ಶಂಭು ಮಹಾರಾಜರು ಕುಳಿತಲ್ಲಿಯೇ ಒಂದು ಠುಮ್ರಿಯ ಸಾಲಿಗೆ ಹಲವು ಅರ್ಥಗಳನ್ನು ಅಭಿನಯಿಸಬಲ್ಲವರೆಂದು ಖ್ಯಾತರು. ಈ ಎರಡು ಮಾರ್ಗಗಳನ್ನೂ ಒಬ್ಬರೇ ಕಲಿತುದು ನರ್ತಕಿಗೆ ಸಂಪತ್ತು. ಸಂಯೋಜಕಿಗೆ ಅದಕ್ಕಿಂತ ಹೆಚ್ಚಿನದು. ಎರಡು ಭಾಷೆಗಳನ್ನು ಬಲ್ಲವನಿಗೆ ಭಾಷೆಯೆಂಬುದೇ ಒಂದು ವಿಚಾರವಸ್ತುವಾಗುವಂತೆ, ಎರಡು ಸಂಪ್ರದಾಯಗಳನ್ನು ಬಲ್ಲವರಿಗೆ ಸಂಪ್ರದಾಯದ ಹಿಂದಿರುವ ರಚನೆಯ ನಿಯಮಗಳು ಗೋಚರವಾಗುತ್ತವೆ.

ಆ ನಿಯಮಗಳನ್ನೇ ವಿದ್ಯೆಯನ್ನಾಗಿ ಕಲಿಸುವ ಸ್ಥಳವು ಆಗ ಭಾರತದಲ್ಲಿರಲಿಲ್ಲ. ಉದಯಶಂಕರರು ಅಲ್ಮೋರದಲ್ಲಿ ಕಟ್ಟಿದ್ದ ಕೇಂದ್ರವು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗಿತ್ತು. ೧೯೬೦ರಲ್ಲಿ ಸೋವಿಯೆತ್ ದೇಶದ ವಿದ್ಯಾರ್ಥಿವೇತನವನ್ನು ಪಡೆದು ಮಾಯಾ ರಾವ್ ಅವರು ಮಾಸ್ಕೋ ನಗರಕ್ಕೆ ಹೊರಟರು. ಆಗ ಅವರ ವಯಸ್ಸು ಮೂವತ್ತೆರಡು. ಗುರುವೆನಿಸಿಕೊಂಡು ಹದಿನೈದು ವರ್ಷಗಳಾಗಿದ್ದುವು. ಅಂಥ ವಯಸ್ಸಿನಲ್ಲಿ ಅರಿಯದ ಭಾಷೆಯ ದೇಶದಲ್ಲಿ, ಅಲ್ಲಿಯ ಹಿಮದಲ್ಲಿ, ಮತ್ತೆ ವಿದ್ಯಾರ್ಥಿನಿಯಾಗಿ ಕುಳಿತುಕೊಳ್ಳುವುದಕ್ಕೆ ವಿನಯವೂ ಬೇಕು, ಛಲವೂ ಬೇಕು.

ಗೀತಿಸ್ ಎಂದು ಹೆಸರಾದ ಮಾಸ್ಕೋವಿನ ರಾಜ್ಯ ನಾಟ್ಯಕಲಾ ಸಂಸ್ಥೆಯಲ್ಲಿ ನೃತ್ಯಸಂಯೋಜನೆಗೆ ಪ್ರತ್ಯೇಕವಾದ ವಿಭಾಗವಿತ್ತು. ಅದರ ಮುಖ್ಯಸ್ಥರಾದ ರೋಸ್ತಿಸ್ಲಾವ್ ಜಖಾರೊವ್ ಅವರು ಪುಷ್ಕಿನ್ ಕವಿಯ ಕಾವ್ಯವನ್ನು ಆಧರಿಸಿ ೧೯೩೪ರಲ್ಲಿ ಲೆನಿನ್‌ಗ್ರಾಡಿನಲ್ಲಿ ಬಖ್ಚಿಸರಾಯ್‌ನ ಕಾರಂಜಿ ಎಂಬ ಬ್ಯಾಲೆಯನ್ನು ರಂಗಕ್ಕೆ ತಂದು ಪ್ರಸಿದ್ಧರಾದವರು. ಆ ಪಂಥದವರ ಮತದಲ್ಲಿ ನೃತ್ಯವು ಅಲಂಕಾರವಲ್ಲ, ನಾಟಕ. ಪಾತ್ರವು ಕೈಯೆತ್ತಿದರೆ ಏತಕ್ಕೆ ಎತ್ತಿತೆಂಬುದಕ್ಕೆ ಕಥೆಯಲ್ಲಿ ಉತ್ತರವಿರಬೇಕು. ರಷ್ಯದಲ್ಲಿ ಸಂಯೋಜಕನ ಅಧಿಕಾರವು ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನ ಸಾಕು. ೧೮೯೦ರಲ್ಲಿ ರಂಗಕ್ಕೆ ಬಂದ ನಿದ್ರಾಸುಂದರಿಯ ಬ್ಯಾಲೆಗೆ ಮಾರಿಯುಸ್ ಪೆತಿಪಾ ಅವರು ಯಾವ ಪ್ರಸಂಗಕ್ಕೆ ಎಷ್ಟು ಉದ್ದದ ಸಂಗೀತ ಬೇಕು, ಅದು ಯಾವ ಬಗೆಯದಾಗಿರಬೇಕು ಎಂಬುದನ್ನು ವಿವರವಾಗಿ ಬರೆದುಕೊಟ್ಟರು. ಚೈಕೋವ್‌ಸ್ಕಿಯಂತಹ ಮಹಾಸಂಗೀತಗಾರರು ಅದಕ್ಕನುಸಾರವಾಗಿ ಸಂಗೀತವನ್ನು ರಚಿಸಿದರು. ಹಾಡಿಗೆ ಹೆಜ್ಜೆ ಹೊಂದಿಸುವುದನ್ನೇ ಕಂಡಿದ್ದವರಿಗೆ ಇದು ಕಣ್ಣು ತೆರೆಯಿಸುವ ಸಂಗತಿ. ಮಾಯಾ ರಾವ್ ಅವರು ೧೯೬೪ರಲ್ಲಿ ನೃತ್ಯಸಂಯೋಜನೆಯ ಪದವಿಯೊಡನೆ ಸ್ವದೇಶಕ್ಕೆ ಹಿಂದಿರುಗಿ, ಆ ವಿದ್ಯೆಯಲ್ಲಿ ಅಂತಹ ಪದವಿಯನ್ನು ಪಡೆದ ಭಾರತೀಯರಲ್ಲಿ ಮೊದಲಿಗರೆಂದು ಹೆಸರಾದರು.

೫

ಕಲಿತುದನ್ನು ತಮ್ಮ ಕೀರ್ತಿಗೆ ಮಾತ್ರ ಬಳಸಿಕೊಳ್ಳುವ ಮಾರ್ಗವು ತೆರೆದಿತ್ತು. ಅವರು ಆರಿಸಿಕೊಂಡುದು ಪಾಠಶಾಲೆಯನ್ನು. ಮಂಗಳೂರಿನಲ್ಲಿ ಹುಟ್ಟಿ ರಾಷ್ಟ್ರಕ್ಕೇ ಬೇಕಾದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಭಾರತೀಯ ನಾಟ್ಯ ಸಂಘದ ಆಸರೆಯನ್ನು ಕೊಟ್ಟರು. ೧೯೬೪ರಲ್ಲಿ ದೆಹಲಿಯಲ್ಲಿ ನೃತ್ಯಸಂಯೋಜನೆಯನ್ನೇ ಮುಖ್ಯ ವಿಷಯವನ್ನಾಗಿ ಕಲಿಸುವ ಸಂಸ್ಥೆಯು ಪ್ರಾರಂಭವಾಯಿತು. ದೇಶದಲ್ಲಿ ಅಂಥದು ಅದೇ ಮೊದಲು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅವರು ಅದನ್ನು ರಾಜಧಾನಿಯಲ್ಲಿ ನಡೆಸಿದರು.

ಸಂಯೋಜನೆಯೆಂದರೆ ಕಲಿಸತಕ್ಕುದು ಏನು ಎಂಬ ಸಂದೇಹವು ಸಹಜ. ಕಥಕ್ಕಿನಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತೀನ್ ತಾಲಕ್ಕೆ ಹದಿನಾರು ಮಾತ್ರೆಗಳು. ಒಬ್ಬಳೇ ನರ್ತಕಿಯು ಒಂದು ಬೋಲನ್ನು ಮೂರು ಸಲ ಆವರ್ತಿಸಿ, ಮೂರನೆಯ ಸಲದ ಕೊನೆಯ ಪೆಟ್ಟನ್ನು ಸರಿಯಾಗಿ ಸಮದ ಮೇಲೆ ಬೀಳಿಸಿದರೆ ಅದು ತಿಹಾಯಿ. ಸಭೆಯು ಭಲೆ ಎನ್ನುತ್ತದೆ. ಅದೇ ತಾಲದಲ್ಲಿ ಎಂಟು ಜನರಿದ್ದಾರೆಂದು ಭಾವಿಸಬೇಕು. ನಾಲ್ವರು ವಿಳಂಬದಲ್ಲಿ ಒಂದು ಆವರ್ತವನ್ನು ನಡೆಯುತ್ತಿರಲು, ಉಳಿದ ನಾಲ್ವರು ದ್ವಿಗುಣದಲ್ಲಿ ಎರಡನ್ನು ಮುಗಿಸುತ್ತಾರೆ. ಎರಡು ಗುಂಪುಗಳೂ ಸಮದಲ್ಲಿ ಕೂಡುತ್ತವೆ. ಲೆಕ್ಕವು ಇಷ್ಟೆ. ಆದರೆ ಆ ಎರಡು ಗುಂಪುಗಳು ರಂಗದ ಎರಡು ಮೂಲೆಗಳಿಂದ ಹೊರಟು ನಡುವೆ ಹಾಯ್ದುಹೋಗಬೇಕೆ, ಬೆನ್ನುಮಾಡಿ ನಿಲ್ಲಬೇಕೆ? ನಿಧಾನವಾದವರು ವೃದ್ಧರೆಂದೂ ವೇಗದವರು ಯುವಕರೆಂದೂ ತೋರಬೇಕೆ, ಅಥವಾ ಒಬ್ಬನದೇ ಮನಸ್ಸಿನ ಎರಡು ಭಾವಗಳೆಂದು ತೋರಬೇಕೆ? ಸಮದಲ್ಲಿ ಕೂಡಿದ ಕ್ಷಣದಲ್ಲಿ ಏಳು ಜನರು ನಿಂತು ಒಬ್ಬಳು ಮಾತ್ರ ಚಲಿಸಿದರೆ ನೋಡುವವರ ಕಣ್ಣು ಎಲ್ಲಿಗೆ ಹೋದೀತು? ಇವೇ ಸಂಯೋಜಕನ ಪ್ರಶ್ನೆಗಳು. ಇವಕ್ಕೆ ಸಿದ್ಧವಾದ ಉತ್ತರಗಳಿಲ್ಲ. ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಕಲಿಸಬಹುದು. ಛಂದಸ್ಸನ್ನು ಕಲಿತವರೆಲ್ಲರೂ ಕವಿಗಳಾಗುವುದಿಲ್ಲವೆಂಬುದು ನಿಜ. ಆದರೂ ಛಂದಸ್ಸನ್ನು ಕಲಿಸುವುದು ವ್ಯರ್ಥವೆಂದು ಯಾರೂ ಹೇಳುವುದಿಲ್ಲ.

ಕಥಕ್ಕಿನ ನರ್ತಕಿಯು ಬಹುಮಟ್ಟಿಗೆ ಸಭೆಗೆ ಎದುರಾಗಿ, ರಂಗದ ನಡುವೆ, ತನ್ನ ಸುತ್ತಲಿನ ಅಲ್ಪ ಸ್ಥಳದಲ್ಲಿಯೇ ನಿಂತು ಕುಣಿಯುವವಳು. ಅದನ್ನು ಸಮೂಹಕ್ಕೆ ಹರಡುವುದೆಂದರೆ ಅದರ ಸ್ವಭಾವವನ್ನೇ ವಿಸ್ತರಿಸುವುದು. ಹೆಜ್ಜೆಯನ್ನು ಕೆಡಿಸದೆ ಸ್ಥಳವನ್ನು ಹಿಗ್ಗಿಸುವ ಈ ಕೆಲಸವೇ ಮಾಯಾ ರಾವ್ ಅವರ ರಚನೆಗಳ ಮುಖ್ಯ ಪ್ರಯತ್ನ. ಕಥಕ್ಕಿನ ಚರಿತ್ರೆಯನ್ನೇ ವಸ್ತುವಾಗಿ ಉಳ್ಳ ರೂಪಕ, ತುಲಸೀದಾಸ, ಸೂರದಾಸ, ಅಮೀರ್ ಖುಸ್ರೋ ಇವರನ್ನು ಕುರಿತವು, ರಾಮಾಯಣ ದರ್ಶನಂ, ಹೊಯ್ಸಳ ವೈಭವ ಮೊದಲಾದುವು ಅವರ ಕೃತಿಗಳು.

ಇವುಗಳಲ್ಲಿ ಹೊಯ್ಸಳ ವೈಭವದ ಹೆಸರು ಈ ಪ್ರಾಂತದವರಿಗೆ ಹತ್ತಿರವಾದುದು. ಹೊನ್ನಾಳಿ ನ್ಯಾಮತಿಗಳ ನೆರೆಯಲ್ಲಿರುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ವಿಷ್ಣುವರ್ಧನನ ರಾಣಿ ಶಾಂತಲೆಯ ತವರೆಂಬ ಪ್ರತೀತಿಯುಂಟು. ಗೀತ ವಾದ್ಯ ನೃತ್ಯಗಳಲ್ಲಿ ಆಕೆಯ ಪ್ರಾವೀಣ್ಯವನ್ನು ಶಾಸನಗಳು ಕೊಂಡಾಡುತ್ತವೆ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ಮದನಿಕೆಯರು ನೃತ್ಯದ ಒಂದೊಂದು ಕ್ಷಣವನ್ನು ಕಲ್ಲಿನಲ್ಲಿ ಹಿಡಿದು ನಿಲ್ಲಿಸಿದ್ದಾರೆ. ಆದರೆ ಶಾಂತಲೆಯು ಕುಣಿದ ನೃತ್ಯವು ಎಂತಹುದೆಂದು ಇಂದು ಯಾರೂ ಹೇಳಲಾರರು. ಮದನಿಕೆಯ ಭಂಗಿಯನ್ನು ನೋಡಿದವರಿಗೆ ಅದರ ಹಿಂದಿನ ಹೆಜ್ಜೆಯಾಗಲಿ ಮುಂದಿನ ಹೆಜ್ಜೆಯಾಗಲಿ ತಿಳಿಯುವುದಿಲ್ಲ. ರಾಣಿಯ ನೃತ್ಯಕ್ಕೇ ಈ ಗತಿಯಾದ ಮೇಲೆ ಉಳಿದವರ ಪಾಡೇನು? ಕರ್ನಾಟಕ ಸರ್ಕಾರವು ನೃತ್ಯಕ್ಕೆ ಕೊಡುವ ಪ್ರಶಸ್ತಿಗೆ ಶಾಂತಲೆಯ ಹೆಸರನ್ನಿಟ್ಟಿರುವುದೂ, ಅದು ಮಾಯಾ ರಾವ್ ಅವರಿಗೆ ಸಂದುದೂ ಉಚಿತವಾಗಿಯೇ ಇದೆ. ಅದಕ್ಕೂ ಮೊದಲು, ೧೯೮೯ರಲ್ಲಿ, ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಅವರಿಗೆ ಪ್ರಶಸ್ತಿಯನ್ನಿತ್ತಿತ್ತು. ಸಂಯೋಜಕಿಯನ್ನು ಸಂಯೋಜಕಿಯೆಂದೇ ಗುರುತಿಸಿ ಮನ್ನಿಸಿದುದು ಅದರ ವಿಶೇಷ.

೬

೧೯೮೭ರಲ್ಲಿ ಅಂದಿನ ಮುಖ್ಯಮಂತ್ರಿ ಶ್ರೀ ರಾಮಕೃಷ್ಣ ಹೆಗಡೆಯವರ ಆಹ್ವಾನದ ಮೇರೆಗೆ ಅವರು ತಮ್ಮ ಸಂಸ್ಥೆಯನ್ನು ಬೆಂಗಳೂರಿಗೆ ತಂದರು. ಮೂರು ದಶಕಗಳಷ್ಟು ಕಾಲ ಹೊರಗಿದ್ದು ಹುಟ್ಟಿದ ಬಡಾವಣೆಯಾದ ಮಲ್ಲೇಶ್ವರದಲ್ಲಿಯೇ ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕಥಕ್ ಅಂಡ್ ಕೋರಿಯೋಗ್ರಫಿ ಎಂಬ ಹೆಸರಿನಿಂದ ಮತ್ತೆ ಕೆಲಸಕ್ಕೆ ತೊಡಗಿದರು. ನೃತ್ಯಸಂಯೋಜನೆಯು ವಿಶ್ವವಿದ್ಯಾನಿಲಯದ ಪದವಿಗೆ ವಿಷಯವಾಯಿತು. ಹುಡುಗಿಯರು ಗೆಜ್ಜೆ ಕಟ್ಟಿದರೆ ಮಾತಾಡಿಕೊಳ್ಳುತ್ತಿದ್ದ ಊರಿನಲ್ಲಿ, ಅದೇ ವಿದ್ಯೆಗೆ ಪರೀಕ್ಷೆಯೂ ಪದವಿಯೂ ಏರ್ಪಟ್ಟುವು. ಒಬ್ಬರ ಜೀವಿತಾವಧಿಯಲ್ಲಿ ಇಷ್ಟು ಬದಲಾವಣೆಯಾದುದು ಸಾಮಾನ್ಯವಲ್ಲ.

ಅವರು ಹಿಂದಿರುಗಿದ ಕಾಲವು ಬೆಂಗಳೂರಿನಲ್ಲಿ ನೃತ್ಯಕ್ಕೆ ಹೊಸ ಉಸಿರು ಬಂದ ಕಾಲ. ಪ್ರೋತಿಮಾ ಗೌರಿ ಬೇಡಿ ಅವರು ೧೯೯೦ರಲ್ಲಿ ಹೆಸರಘಟ್ಟದ ಬಳಿ ನೃತ್ಯಗ್ರಾಮವನ್ನು ಸ್ಥಾಪಿಸಿದರು. ೧೯೯೨ರಲ್ಲಿ ಸಮಕಾಲೀನ ನೃತ್ಯಕ್ಕೆ ಮೀಸಲಾದ ಅಟ್ಟಕ್ಕಲರಿ ಸಂಸ್ಥೆಯು ಹುಟ್ಟಿತು. ಮಾಯಾ ರಾವ್ ಅವರ ಮಗಳು ಶ್ರೀಮತಿ ಮಧು ನಟರಾಜ್ ಅವರು ಕಥಕ್ಕನ್ನು ಮನೆಯಲ್ಲಿಯೂ ಆಧುನಿಕ ನೃತ್ಯವನ್ನು ನ್ಯೂಯಾರ್ಕಿನಲ್ಲಿಯೂ ಕಲಿತು, ೧೯೯೫ರಲ್ಲಿ ಸ್ಟೆಮ್ ಡ್ಯಾನ್ಸ್ ಕಂಪ್ನಿ ಎಂಬ ತಂಡವನ್ನು ಕಟ್ಟಿದರು. ಆ ಹೆಸರಿನ ಕೊನೆಯ ಮಾತು ಕನ್ನಡಿಗರಿಗೆ ಹಳೆಯ ನಾಟಕ ಕಂಪನಿಗಳ ನೆನಪನ್ನು ತಾರದೆ ಇರದು. ಮಗಳ ಮಾರ್ಗವು ತಾಯಿಯ ಮಾರ್ಗವಲ್ಲ. ತಾಯಿಯದು ಕಥೆಯನ್ನು ಹೇಳುವ ರೂಪಕ. ಮಗಳದು ಸ್ಥಳ, ಕಾಲ, ಶಕ್ತಿ, ಚಲನೆ ಎಂಬ ತತ್ತ್ವಗಳಿಂದ ಹೊರಡುವ ಹೊಸ ಪ್ರಯೋಗ. ತಾಯಿಯ ವಿದ್ಯೆಯು ಸೋತಿತೆಂಬುದಕ್ಕೆ ಇದು ಗುರುತಲ್ಲ. ಶಿಷ್ಯರು ಗುರುವಿನ ಕೃತಿಯನ್ನೇ ಒಪ್ಪಿಸುತ್ತಿದ್ದರೆ ಅದು ಸಂಪ್ರದಾಯ; ಗುರುವಿನಿಂದ ರಚನೆಯನ್ನು ಕಲಿತು ತಮ್ಮದನ್ನು ರಚಿಸಿದರೆ ಅದು ಸಂಯೋಜನಾವಿದ್ಯೆ. ಎರಡನೆಯದನ್ನು ಕಲಿಸಹೊರಟವರು ತಮ್ಮಿಂದ ಭಿನ್ನವಾಗುವ ಹಕ್ಕನ್ನು ಶಿಷ್ಯರಿಗೆ ಮೊದಲೇ ಕೊಟ್ಟಿರಬೇಕಾಗುತ್ತದೆ.

೨೦೧೪ರ ಸೆಪ್ಟೆಂಬರ್ ೧ರಂದು, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಮಾಯಾ ರಾವ್ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

೭

ಇಂತಹ ಜೀವನವನ್ನು ವಿಮರ್ಶಿಸುವವರು ಎರಡು ಆಕ್ಷೇಪಗಳನ್ನು ತರಬಹುದು. ಮಾಸ್ಕೋವಿನಲ್ಲಿ ಕಲಿತ ಪದ್ಧತಿಯು ಭಾರತೀಯ ನೃತ್ಯಕ್ಕೆ ಅನ್ಯವಲ್ಲವೆ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವು ಕಷ್ಟವಲ್ಲ. ಅವರು ಅಲ್ಲಿಂದ ತಂದುದು ಬ್ಯಾಲೆಯ ಹೆಜ್ಜೆಯನ್ನಲ್ಲ, ಹೆಜ್ಜೆಯನ್ನು ಕುರಿತು ಯೋಚಿಸುವ ಕ್ರಮವನ್ನು. ಕನ್ನಡದಲ್ಲಿ ಸಣ್ಣಕಥೆಯ ರೂಪವು ಹೊರಗಿನಿಂದ ಬಂದಿತು. ಕಥೆಗಳು ಮಾತ್ರ ಇಲ್ಲಿಯವೇ ಆದುವು. ಪಿಂಡೀಬಂಧವನ್ನು ಹೇಳಿದ ಶಾಸ್ತ್ರವುಳ್ಳ ದೇಶಕ್ಕೆ ಸಮೂಹರಚನೆಯು ಪರಕೀಯವೆನ್ನುವುದೂ ಸರಿಯಾಗದು.

ಎರಡನೆಯ ಆಕ್ಷೇಪವು ಹೆಚ್ಚು ಭಾರವಾದುದು. ನಗರದ ಸಂಯೋಜಕನು ಹಳ್ಳಿಯ ಕುಣಿತವನ್ನು ರಂಗಕ್ಕೆ ಎತ್ತಿಕೊಂಡಾಗ ಕೀರ್ತಿಯು ಅವನಿಗೂ ಮರೆವು ಹಳ್ಳಿಗೂ ಸಲ್ಲುವುದಿಲ್ಲವೆ? ನೃತ್ಯಕ್ಕೆ ಕರ್ತೃವುಂಟೆಂದು ಸಾಧಿಸಿದ ಮೇಲೆ, ಹೆಸರಿಲ್ಲದ ಕರ್ತೃಗಳಿಂದ ಪಡೆದುದಕ್ಕೆ ಲೆಕ್ಕ ಹೇಳುವವರಾರು? ಈ ಪ್ರಶ್ನೆಯು ಒಬ್ಬರನ್ನು ಕುರಿತದ್ದಲ್ಲ, ಈ ವಿದ್ಯೆಯನ್ನೇ ಕುರಿತದ್ದು; ಇದಕ್ಕೆ ಪೂರ್ಣವಾದ ಉತ್ತರವು ಇನ್ನೂ ದೊರೆತಿಲ್ಲ. ಆದರೆ ಉತ್ತರದ ದಾರಿಯು ಮಾಯಾ ರಾವ್ ಅವರ ಜೀವನದಿಂದಲೇ ಸೂಚಿತವಾಗುತ್ತದೆ. ಸಂಯೋಜನೆಯು ಕರ್ತೃತ್ವವೆಂದು ಒಪ್ಪಿದಲ್ಲಿ, ಅದು ನಗರದ ಸಂಯೋಜಕಿಗೆ ಎಷ್ಟು ಸಲ್ಲುತ್ತದೆಯೋ ಜಗಳೂರಿನ ಬಯಲಾಟದ ಮೇಷ್ಟ್ರಿಗೂ, ತಾಂಡಾದಲ್ಲಿ ಸುತ್ತಿನ ಮುಂದಾಳಾಗಿ ನಿಲ್ಲುವ ಹಿರಿಯಳಿಗೂ ಅಷ್ಟೇ ಸಲ್ಲಬೇಕು. ಪದವಿಪತ್ರವು ಆ ಹಕ್ಕನ್ನು ಹುಟ್ಟಿಸುವುದಿಲ್ಲ. ಮೊದಲೇ ಇದ್ದ ಹಕ್ಕನ್ನು ಕಾಣಿಸುತ್ತದೆ.

ಅವರ ರೂಪಕಗಳಲ್ಲಿ ಎಷ್ಟು ಉಳಿದಾವು, ಎಷ್ಟು ಅಳಿದಾವು ಎಂದು ಹೇಳುವುದು ಸಾಧ್ಯವಿಲ್ಲ. ಆಡುವವರಿರುವವರೆಗೆ ನೃತ್ಯ, ಅನಂತರ ಅದು ನೋಡಿದವರ ನೆನಪು. ಈ ನಶ್ವರತೆಯನ್ನು ಬಲ್ಲವರಾದುದರಿಂದಲೇ ಅವರು ಕೃತಿಗಳಿಗಿಂತ ಹೆಚ್ಚಾಗಿ ಕೃತಿಕಾರರನ್ನು ಬೆಳೆಸುವುದರಲ್ಲಿ ಶ್ರಮಪಟ್ಟರೆಂದು ತೋರುತ್ತದೆ. ಆ ಶ್ರಮಕ್ಕೆ ಈ ಸೀಮೆಯವರು ಸಲ್ಲಿಸಬಹುದಾದ ಮರ್ಯಾದೆಯು ದೊಡ್ಡದೇನೂ ಅಲ್ಲ. ಚನ್ನಗಿರಿಯಿಂದ ಜಗಳೂರಿನವರೆಗೆ ಎಲ್ಲಿ ಆಟ ನಡೆದರೂ, ಎಲ್ಲಿ ಡೊಳ್ಳಿನ ತಂಡವು ಕೂಡಿದರೂ, ಕರಪತ್ರದಲ್ಲಿ ವೇಷಧಾರಿಗಳ ಹೆಸರಿನ ಮೇಲೆ ಒಂದು ಸಾಲಿನಷ್ಟು ಸ್ಥಳವನ್ನು ಬಿಟ್ಟು, ಅದನ್ನು ಕಲಿಸಿ ಕಟ್ಟಿದವರ ಹೆಸರನ್ನು ಅಚ್ಚುಹಾಕಿಸಿದರೆ ಸಾಕು.